ಬೆಂಚಿನಲ್ಲೇ ಉಳಿದವರು

ಭಾನುವಾರದ ಪೂಜೆಯಲ್ಲಿ ಪರಮಪ್ರಸಾದದ ಹೊತ್ತಿಗೆ ಬೆಂಚುಗಳು ಒಂದೊಂದಾಗಿ ಖಾಲಿಯಾಗುತ್ತವೆ. ಜನ ಕೈಮುಗಿದುಕೊಂಡು ಸಾಲಿನಲ್ಲಿ ನಿಲ್ಲುತ್ತಾರೆ. ಆಗ ಯಾರಾದರೂ ಒಬ್ಬರು ಎದ್ದೇಳದೆ ಹಾಗೇ ಕುಳಿತಿದ್ದರೆ ನೋಡಿ, ಸುತ್ತಲಿನ ಹತ್ತು ಜೊತೆ ಕಣ್ಣು ಅತ್ತ ತಿರುಗುತ್ತವೆ. "ಯಾಕೆ ಹೋಗಲಿಲ್ಲ? ಏನೋ ಇರಬೇಕು." ಈ 'ಏನೋ ಇರಬೇಕು' ಎಂಬ ಎರಡು ಪದದ ಮೇಲೆ ಎಷ್ಟು ಮನೆಗಳ ಕಥೆ ಕಟ್ಟುತ್ತಾರೆ ಅನ್ನುವುದು ಯಾವುದೇ ಚರ್ಚಿಗೆ ಹತ್ತಿಪ್ಪತ್ತು ವರ್ಷ ಹೋದವರಿಗೆ ಗೊತ್ತು.

ಕ್ರೈಸ್ತರಲ್ಲದ ಗೆಳೆಯರಿಗಾಗಿ ಒಂದು ಮಾತು. ಪೂಜೆಯಲ್ಲಿ ಅರ್ಪಿಸಿದ ರೊಟ್ಟಿಯನ್ನು ನಾವು ಕಥೋಲಿಕರು ಯೇಸುಸ್ವಾಮಿಯ ಶರೀರವೆಂದೇ ನಂಬಿ ಸ್ವೀಕರಿಸುತ್ತೇವೆ. ದೊಡ್ಡ ಪಾಪ ಮಾಡಿದ್ದೇನೆ ಅನ್ನಿಸಿದವರು ಮೊದಲು ಪಾಪನಿವೇದನೆ ಮಾಡಿ ಆಮೇಲೆ ಹೋಗಬೇಕು. ಹಾಗಾಗಿ ಕುಳಿತೇ ಇರುವವರ ಮೇಲೆ ಅನುಮಾನ. ಆದರೆ ಕುಳಿತಿರುವುದಕ್ಕೆ ಕಾರಣ ನೂರಿರಬಹುದು. ಹೆಂಡತಿಯ ಜೊತೆ ಬಂದ ಹಿಂದೂ ಗಂಡ ಇರಬಹುದು. ಈಗಷ್ಟೇ ತಿಂಡಿ ತಿಂದು ಬಂದವರಿರಬಹುದು. ದೇವರ ಮೇಲೇ ಸಿಟ್ಟು ಮಾಡಿಕೊಂಡು, ಆದರೂ ಮನೆಯಲ್ಲಿ ಕೂರಲಾಗದೆ ಬಂದವರೂ ಇರಬಹುದು. ಅಂಥವರು ನನಗೆ ಗೊತ್ತು.

ನನ್ನದು ಬ್ಯಾಂಕಿನ ಕೆಲಸ. ಮೂವತ್ತು ವರ್ಷದ ಸರ್ವೀಸಿನಲ್ಲಿ ಹೆಚ್ಚು ಕಾಲ ಸಾಲದ ಅರ್ಜಿ ನೋಡಿದವನು. ಜನರನ್ನು ಅಳೆಯುವುದಕ್ಕೇ ನನಗೆ ಸಂಬಳ ಅಂದರೂ ತಪ್ಪಿಲ್ಲ. ಆದರೆ ಸಾಲ ಕೊಡುವುದಿಲ್ಲ ಅನ್ನುವ ಮುಂಚೆ ನಾವು ಕೂಡ ರಿಟರ್ನ್ಸ್ ನೋಡುತ್ತೇವೆ, ಸ್ಟೇಟ್‌ಮೆಂಟ್ ನೋಡುತ್ತೇವೆ, ಸಿಬಿಲ್ ವರದಿ ತೆಗೆಸುತ್ತೇವೆ, ಕಾರಣ ಬರೆದು ಸಹಿ ಹಾಕುತ್ತೇವೆ. ಚರ್ಚಿನ ಗೇಟಿನ ಹತ್ತಿರ ನಡೆಯುವ ವಿಚಾರಣೆಗೆ ಒಂದು ತುಂಡು ಕಾಗದವೂ ಬೇಡ. ಎಲ್ಲಿಂದ ಬಂತು, ಯಾಕೆ ಬಂತು ಅಂತ ಗೊತ್ತಿಲ್ಲದ ಮೊತ್ತ ಬಂದರೆ ಬ್ಯಾಂಕಿನಲ್ಲಿ ಅದನ್ನು ಸಸ್ಪೆನ್ಸ್ ಖಾತೆಗೆ ಹಾಕಿಡುವ ಪದ್ಧತಿ ಇದೆ. ವಿವರ ಸಿಗುವವರೆಗೆ ಅದು ಲಾಭಕ್ಕೂ ಸೇರದು, ನಷ್ಟಕ್ಕೂ ಸೇರದು. ಗೇಟಿನ ಹತ್ತಿರದವರ ಲೆಡ್ಜರಿನಲ್ಲಿ ಆ ಖಾತೆಯೇ ಇಲ್ಲ.

ತಮಾಷೆ ಏನೆಂದರೆ, ಹೀಗೆ ತೀರ್ಪು ಕೊಡುವವರಿಗೆ ಬಹಳ ಸಲ ನಿಯಮವೇ ಗೊತ್ತಿರುವುದಿಲ್ಲ. ನಮ್ಮ ಚರ್ಚಿನಲ್ಲಿ ವಯಸ್ಸಾದ ಸಕ್ಕರೆ ಕಾಯಿಲೆಯವರೊಬ್ಬರು ಪ್ರಸಂಗದ ನಡುವೆ ಜೇಬಿನಿಂದ ಬಿಸ್ಕತ್ತು ತೆಗೆದು ತಿಂದರು, ಆಮೇಲೆ ಸಾಲಿನಲ್ಲಿ ಹೋಗಿ ಪರಮಪ್ರಸಾದ ತೆಗೆದುಕೊಂಡರು. ಆಗಿದ್ದ ಗಲಾಟೆ ಕೇಳಬೇಡಿ! ನಮ್ಮ ಅಜ್ಜಿಯ ಕಾಲಕ್ಕೆ ನಡುರಾತ್ರಿಯಿಂದ ಒಂದು ತೊಟ್ಟು ನೀರೂ ಕುಡಿಯುವ ಹಾಗಿರಲಿಲ್ಲವಂತೆ. 1957ರಲ್ಲಿ ಅದು ಮೂರು ಗಂಟೆಗೆ ಇಳಿಯಿತು, 1964ರಲ್ಲಿ ಒಂದು ಗಂಟೆಗೆ. ವಯಸ್ಸಾದವರಿಗೆ, ಕಾಯಿಲೆಯವರಿಗೆ, ಅವರನ್ನು ನೋಡಿಕೊಳ್ಳುವವರಿಗೆ ಈ ಒಂದು ಗಂಟೆಯ ಕಟ್ಟೂ ಇಲ್ಲ. ಬಿಸ್ಕತ್ತು ತಿಂದವರು ಧರ್ಮಸಭೆಯ ಕಾನೂನಿನ ಒಳಗೇ ಇದ್ದರು.

ವಿಚ್ಛೇದನದ ವಿಷಯ ಇನ್ನೂ ಕಷ್ಟ. ಗಂಡನ ಹೊಡೆತ ತಾಳಲಾರದೆ ಕೋರ್ಟಿಗೆ ಹೋಗಿ ಬಿಡುಗಡೆ ಪಡೆದ ಹೆಣ್ಣುಮಗಳಿಗೆ ಇನ್ನು ಪರಮಪ್ರಸಾದ ಇಲ್ಲ ಅಂತ ನಂಬಿಕೊಂಡವರು ನಮ್ಮಲ್ಲಿ ತುಂಬಾ ಜನ. ಆ ಹೆಣ್ಣುಮಗಳೂ ಕೆಲವು ಸಲ ಹಾಗೇ ನಂಬಿ ವರ್ಷಗಟ್ಟಲೆ ಬೆಂಚಿನಲ್ಲೇ ಉಳಿಯುತ್ತಾಳೆ. ನಿಜ ಹಾಗಿಲ್ಲ. ಮರುಮದುವೆಯಾಗದಿದ್ದರೆ ವಿಚ್ಛೇದನವೊಂದೇ ಅಡ್ಡಿಯಲ್ಲ. ಈ ದೇಶದ ಕಾನೂನು ಕೂಡ ಕ್ರೈಸ್ತ ಹೆಂಗಸರ ಮಟ್ಟಿಗೆ ಬಹಳ ಕಾಲ ಕಠಿಣವಾಗಿಯೇ ಇತ್ತು. 1869ರ ಕಾಯ್ದೆಯ ಪ್ರಕಾರ ಗಂಡ ಬಿಡುಗಡೆ ಪಡೆಯಲು ಹೆಂಡತಿಯ ವ್ಯಭಿಚಾರ ಸಾಬೀತು ಮಾಡಿದರೆ ಸಾಕಿತ್ತು. ಹೆಂಡತಿ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಎರಡು ವರ್ಷ ಬಿಟ್ಟುಹೋದದ್ದನ್ನೋ ಸೇರಿಸಿ ತೋರಿಸಬೇಕಿತ್ತು. ಕ್ರೌರ್ಯವೊಂದೇ ಸಾಕು ಅಂತ ಆದದ್ದು 2001ರ ತಿದ್ದುಪಡಿಯ ಮೇಲೆ. ಅಂದರೆ ನೂರಮೂವತ್ತು ವರ್ಷ ಹೊಡೆತ ತಿಂದವರಿಗೆ ಕೋರ್ಟಿನಲ್ಲೂ ದಾರಿ ಇರಲಿಲ್ಲ. ಚರ್ಚಿನಲ್ಲೂ ಮುಖ ತಿರುಗಿಸಿದರೆ ಅವರು ಎಲ್ಲಿ ಹೋಗಬೇಕಿತ್ತು?

ಮರುಮದುವೆಯಾದವರ ಪ್ರಶ್ನೆ ನಿಜಕ್ಕೂ ಜಟಿಲ. ಮೊದಲ ಮದುವೆ ಅಸಿಂಧು ಅಂತ ಚರ್ಚಿನ ನ್ಯಾಯಮಂಡಳಿ ಹೇಳಬೇಕು. ಮೊದಲು ಎರಡು ನ್ಯಾಯಮಂಡಳಿಗಳು ಒಪ್ಪಬೇಕಿತ್ತು, 2015ರಲ್ಲಿ ಪೋಪ್ ಫ್ರಾನ್ಸಿಸ್ ಅದನ್ನು ಒಂದಕ್ಕೆ ಇಳಿಸಿದರು. ಮರುವರ್ಷ 'ಅಮೋರಿಸ್ ಲೆತೀತ್ಸಿಯ' ಎಂಬ ಪತ್ರದಲ್ಲಿ, ಒಬ್ಬೊಬ್ಬರ ಪರಿಸ್ಥಿತಿಯನ್ನೂ ಗುರುಗಳು ಕುಳಿತು ಕೇಳಿ ವಿವೇಚಿಸಬೇಕು ಅಂತ ಹೇಳಿದರು. ಅದಕ್ಕೆ ನಾಲ್ವರು ಕಾರ್ಡಿನಲ್‌ಗಳು ಪ್ರಶ್ನೆ ಎತ್ತಿದರು. ಆ ಪೋಪ್ 2025ರ ಏಪ್ರಿಲ್‌ನಲ್ಲಿ ತೀರಿಕೊಂಡರು, ಚರ್ಚೆ ಪೂರ್ತಿ ತಣ್ಣಗಾಗಿಲ್ಲ. ಕಾರ್ಡಿನಲ್‌ಗಳೇ ಒಮ್ಮತಕ್ಕೆ ಬಾರದ ವಿಷಯವನ್ನು ನಮ್ಮ ಗೇಟಿನ ಪಂಚಾಯಿತಿ ಎರಡು ನಿಮಿಷದಲ್ಲಿ ತೀರ್ಮಾನ ಮಾಡಿ ವಡಾಪಾವ್ ತಿನ್ನಲು ಹೋಗುತ್ತದೆ.

ಹಾಗಾದರೆ ಪಾಪವನ್ನು ಪಾಪ ಅನ್ನಬಾರದೇ ಅಂತ ನೀವು ಕೇಳಬಹುದು. ಅನ್ನಲಿ, ಯಾರು ಬೇಡ ಅಂದರು? ಆದರೆ ಒಂದು ವಿಚಿತ್ರ ಗಮನಿಸಿ. ಪಾಪನಿವೇದನೆಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡ ಗುರುಗಳು ಸಾಯುವವರೆಗೆ ಬಾಯಿ ಬಿಡುವ ಹಾಗಿಲ್ಲ, ಬಿಟ್ಟರೆ ಅವರಿಗೇ ಬಹಿಷ್ಕಾರ. ಗೊತ್ತಿರುವವರು ಮಾತಾಡುವಂತಿಲ್ಲ. ಏನೂ ಗೊತ್ತಿಲ್ಲದವರ ಬಾಯಿಗೆ ಬೀಗವಿಲ್ಲ. 'ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ' ಅಂತ ನಮ್ಮ ಕಡೆ ಗಾದೆ. ಶುಭಸಂದೇಶದಲ್ಲಿ ಮಾತ್ರ ಆ ಸುಂಕದವನೇ ದೇವಾಲಯದಲ್ಲಿ ದೂರ ನಿಂತು, ತಲೆ ಎತ್ತದೆ ತನ್ನ ದುಃಖ ಹೇಳಿಕೊಳ್ಳುತ್ತಾನೆ. ಮುಂದೆ ನಿಂತ ಫರಿಸಾಯ ತನ್ನ ಉಪವಾಸದ ಲೆಕ್ಕ ಒಪ್ಪಿಸಿ, ಅವನ ಕಡೆ ಕೈ ತೋರಿಸುತ್ತಾನೆ. ದೇವರ ಮುಂದೆ ಗೆದ್ದು ಮನೆಗೆ ಹೋದವನು ಯಾರು ಅನ್ನುವುದು ಎಲ್ಲರಿಗೂ ಗೊತ್ತಿರುವ ಕಥೆ. ಗೊತ್ತಿದ್ದೂ ಮುಂದಿನ ಬೆಂಚಿಗೇ ನೂಕುನುಗ್ಗಲು.

ಇಷ್ಟೆಲ್ಲ ಬರೆಯುವುದಕ್ಕೆ ಕಾರಣ ನಮ್ಮ ಡೊಂಬಿವಿಲಿಯ ಕಟ್ಟಡದಲ್ಲಿರುವ ಒಬ್ಬ ಅಕ್ಕ. ಹಾಸನದ ಕಡೆಯವರು, ನನಗಿಂತ ಏಳೆಂಟು ವರ್ಷ ದೊಡ್ಡವರು. ಗಂಡ ಮಿಲ್ಲಿನಲ್ಲಿದ್ದರು, ಹೋಗಿ ಬಹಳ ವರ್ಷವಾಯಿತು. ಒಬ್ಬನೇ ಮಗ. ಚೆನ್ನಾಗಿ ಓದಿದ್ದ, ಒಳ್ಳೆಯ ನೌಕರಿಯೂ ಇತ್ತು. 2019ರಲ್ಲಿ ಅವನು ತನ್ನ ಜೀವ ತಾನೇ ತೆಗೆದುಕೊಂಡ. ಒಳಗೆ ಏನಿತ್ತೋ ಯಾರಿಗೂ ಹೇಳಿರಲಿಲ್ಲ.

ನಮ್ಮ ಫಾದರ್ ಯಾವುದಕ್ಕೂ ಇಲ್ಲ ಅನ್ನಲಿಲ್ಲ. ಪೂರ್ತಿ ಪೂಜೆ ಮಾಡಿದರು, ಎಲ್ಲರ ಹಾಗೆ ಅವನಿಗೂ ಸ್ಮಶಾನದಲ್ಲಿ ಜಾಗ ಸಿಕ್ಕಿತು. ಆದರೆ ಹೊರಗೆ ಬರುವಾಗ ಒಬ್ಬರು ಪಕ್ಕದವರಿಗೆ, ನಾಲ್ಕು ಜನಕ್ಕೆ ಕೇಳುವ ಹಾಗೆ, "ಹಳೆಯ ಕಾಲವಾಗಿದ್ದರೆ ಗೋಡೆಯಾಚೆ ಹೂಳಬೇಕಿತ್ತು" ಅಂದರು. ಅಕ್ಕನಿಗೆ ಕೇಳಿಸಿತು.

ಹೇಳಿದವರ ಇತಿಹಾಸ ತಪ್ಪಲ್ಲ, ಅದೇ ಕಷ್ಟ. 1917ರ ಧರ್ಮಸಭೆಯ ಕಾನೂನಿನಲ್ಲಿ ಉದ್ದೇಶಪೂರ್ವಕ ಆತ್ಮಹತ್ಯೆ ಮಾಡಿಕೊಂಡವರಿಗೆ ಚರ್ಚಿನ ಅಂತ್ಯಕ್ರಿಯೆ ಇಲ್ಲ ಅಂತ ಇತ್ತು. 1983ರ ಹೊಸ ಕಾನೂನಿನಲ್ಲಿ ಆ ಮಾತನ್ನು ಕೈಬಿಟ್ಟರು. 1992ರ ಧರ್ಮೋಪದೇಶ ಗ್ರಂಥ ಇನ್ನೂ ಮುಂದೆ ಹೋಗಿ, ಮನಸ್ಸಿನ ತೀವ್ರ ಯಾತನೆಯಲ್ಲಿ ಇರುವವರ ಹೊಣೆ ಕಡಿಮೆಯಾಗುತ್ತದೆ, ಅವರ ರಕ್ಷಣೆಯ ಬಗ್ಗೆ ನಿರಾಶರಾಗಬೇಡಿ, ಅವರಿಗಾಗಿ ಪ್ರಾರ್ಥಿಸಿ ಅನ್ನುತ್ತದೆ. ಸರ್ಕಾರ ಕೂಡ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ, ಜೀವ ಕಳೆದುಕೊಳ್ಳಲು ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು ಅಂದಿತು. ರೋಮ್ ಬದಲಾಯಿತು, ದಿಲ್ಲಿ ಬದಲಾಯಿತು, ನಮ್ಮ ಗೇಟು ಮಾತ್ರ 1917ರಲ್ಲೇ ಇದೆ.

ಅಕ್ಕ ನಮ್ಮ ಚರ್ಚಿಗೆ ಬರುವುದನ್ನು ಬಿಟ್ಟರು. ಮನೆಗೆ ಹೋಗಿ ಕರೆದರೆ "ಮೊಣಕಾಲು ನೋವು ಕಣಪ್ಪ" ಅನ್ನುತ್ತಿದ್ದರು. ಆದರೆ ಬುಧವಾರ ಬಂತೆಂದರೆ ಅದೇ ಮೊಣಕಾಲಿನಲ್ಲಿ ಲೋಕಲ್ ಹತ್ತಿ, ದಾದರ್‌ನಲ್ಲಿ ಸೇತುವೆ ಹತ್ತಿಳಿದು ಗಾಡಿ ಬದಲಿಸಿ, ಮಾಹಿಮ್‌ನ ಸಂತ ಮಿಕೇಲರ ಚರ್ಚಿನ ನೊವೇನಾಕ್ಕೆ ಹೋಗಿಬರುತ್ತಿದ್ದರು. ಮುಂಬಯಿಯವರಿಗೆ ಹೇಳಬೇಕಿಲ್ಲ, 1948ರಿಂದ ನಡೆದುಬಂದಿರುವ ಬುಧವಾರದ ನೊವೇನಾ ಅದು. ಬೆಳಗಿನಿಂದ ಸಂಜೆಯವರೆಗೆ, ಒಂದಲ್ಲ ಹಲವು ಭಾಷೆಗಳಲ್ಲಿ. ಹಿಂದೂಗಳು, ಮುಸ್ಲಿಮರು, ಪಾರ್ಸಿಗಳು ಎಲ್ಲ ಬರುತ್ತಾರೆ. ಜನ ಬರೆದು ಹಾಕಿದ ಬೇಡಿಕೆಯ ಪತ್ರ, ಕೃತಜ್ಞತೆಯ ಪತ್ರಗಳನ್ನು ಹೆಸರಿಲ್ಲದೆ ಓದುತ್ತಾರೆ. ಮಗು ಬೇಕು, ಕೆಲಸ ಬೇಕು, ಗಂಡ ಕುಡಿತ ಬಿಡಲಿ. ಅಲ್ಲಿ ನೀನು ಯಾರು, ಯಾಕೆ ಅಳುತ್ತಿದ್ದೀಯ ಅಂತ ಕೇಳುವವರಿಲ್ಲ. ಅಕ್ಕನಿಗೆ ಬೇಕಾಗಿದ್ದದ್ದು ಅಷ್ಟೇ. ಐದು ನಿಮಿಷ ನಡೆದರೆ ಸಿಗುವ ಚರ್ಚು ಬಿಟ್ಟು ಒಂದೂವರೆ ಗಂಟೆ ದೂರದ ಜನಜಂಗುಳಿಯಲ್ಲಿ ಅದು ಸಿಗಬೇಕಾಯಿತು.

ನನ್ನ ಹೆಂಡತಿ ಅವರ ಜೊತೆ ಹೋಗತೊಡಗಿದಳು. ಸಮಾಧಾನದ ಮಾತೇನೂ ಆಡುತ್ತಿರಲಿಲ್ಲವಂತೆ. ದಾದರ್ ಸೇತುವೆಯಲ್ಲಿ ಚೀಲ ಹಿಡಿದುಕೊಳ್ಳುವುದು, ಗಾಡಿಯಲ್ಲಿ ಜಾಗ ಮಾಡುವುದು. ನಮ್ಮ ಲೋಕಲ್‌ನಲ್ಲಿ ಮೂವರ ಸೀಟಿನಲ್ಲಿ ನಾಲ್ಕನೆಯವರಿಗೆ ಸರಿದು ಜಾಗ ಕೊಡುವುದು ಅಲಿಖಿತ ಕಾನೂನು, 'ಥೋಡಾ ಸರಕೋ' ಅಂದರೆ ಮುಗಿಯಿತು. ಜಾತಿ ಕೇಳುವುದಿಲ್ಲ, ಪಾಪಪುಣ್ಯ ಕೇಳುವುದಿಲ್ಲ. ಅದೇ ಜನ ಭಾನುವಾರ ಬೆಂಚಿನ ತುದಿಯಲ್ಲಿ ಗೂಟ ಹೊಡೆದ ಹಾಗೆ ಕೂರುತ್ತಾರೆ, ತಡವಾಗಿ ಬಂದವರು ಅವರ ಮೊಣಕಾಲು ದಾಟಿಕೊಂಡೇ ಹೋಗಬೇಕು.

ಊರಿನಲ್ಲೂ ಜನ ಆಡಿಕೊಳ್ಳುತ್ತಿರಲಿಲ್ಲ ಅಂತಲ್ಲ. ಹಾಸನದ ನಮ್ಮ ಹಳ್ಳಿಯ ಚರ್ಚಿನಲ್ಲಿ ಯಾರು ಪೂಜೆ ತಪ್ಪಿಸಿದರು ಅನ್ನುವುದು ಮಧ್ಯಾಹ್ನದೊಳಗೆ ಎಲ್ಲರಿಗೂ ಗೊತ್ತಾಗುತ್ತಿತ್ತು. ಆದರೆ ಸಾವಿನ ಮನೆಗೆ ಆಡಿಕೊಂಡವರೇ ಅಕ್ಕಿ, ಸೌದೆ ಹೊತ್ತು ತರುತ್ತಿದ್ದರು, ಹನ್ನೊಂದು ದಿನ ಆ ಮನೆಯ ಒಲೆಯ ಚಿಂತೆ ಅವರದೇ. ಇಲ್ಲಿಗೆ ಬರುವಾಗ ಟ್ರಂಕಿನಲ್ಲಿ ಆಡಿಕೊಳ್ಳುವುದನ್ನು ತಂದೆವು, ಅಕ್ಕಿಯನ್ನು ಅಲ್ಲೇ ಬಿಟ್ಟೆವು.

2020ರ ಮಾರ್ಚಿನಲ್ಲಿ ಲೋಕಲ್ ನಿಂತಿತು, ಚರ್ಚುಗಳೂ ಮುಚ್ಚಿದವು. ಎಲ್ಲರೂ ಮನೆಯಲ್ಲಿ ಮೊಬೈಲಿನ ಮುಂದೆ ಪೂಜೆ ನೋಡಿದೆವು. ತಿಂಗಳುಗಟ್ಟಲೆ ಯಾರಿಗೂ ಪರಮಪ್ರಸಾದವಿಲ್ಲ. ದಿನಾ ತಪ್ಪದೆ ಹೋಗುತ್ತಿದ್ದವರೂ, ಗೇಟಿನ ನ್ಯಾಯಾಧೀಶರೂ, ಎಲ್ಲರೂ ಬೆಂಚಿನಲ್ಲೇ ಉಳಿದವರು. ಮಹಾರಾಷ್ಟ್ರದಲ್ಲಿ ಆ ನವೆಂಬರ್ ಹದಿನಾರರಂದು ದೇವಾಲಯಗಳು ತೆರೆದಾಗ ಅಕ್ಕ ಬಂದರು. ಮುಖಕ್ಕೆ ಮಾಸ್ಕು, ತಲೆಗೆ ಸೆರಗು. "ಯಾರಿಗೂ ಗುರುತು ಸಿಗಲಿಲ್ಲ, ಆರಾಮಾಗಿ ಕೂತಿದ್ದೆ" ಅಂತ ನನ್ನ ಹೆಂಡತಿಯ ಹತ್ತಿರ ನಕ್ಕರಂತೆ. ಆ ನಗು ಕೇಳಿ ಅವಳು ಮನೆಗೆ ಬಂದು ಅತ್ತಳು.

ನವೆಂಬರ್ 2 ಸಕಲ ಮೃತರ ದಿನ. ಆ ತಿಂಗಳು ತೀರಿಕೊಂಡವರ ಹೆಸರು ಬರೆದು ಲಕೋಟೆಯಲ್ಲಿ ಹಾಕಿ ಕೊಟ್ಟರೆ ಬಲಿಪೀಠದ ಹತ್ತಿರ ಇಟ್ಟು ಪೂಜೆ ಮಾಡುತ್ತಾರೆ. 2021ರಲ್ಲಿ ಅಕ್ಕ ಅಪ್ಪ ಅಮ್ಮನ ಹೆಸರು, ಗಂಡನ ಹೆಸರು ಬರೆದು ಪೆನ್ನು ಮುಚ್ಚಿದರು. ನನ್ನ ಹೆಂಡತಿ "ಇನ್ನೊಂದು ಹೆಸರು ಬಿಟ್ಟಿರಲ್ಲ ಅಕ್ಕ" ಅಂದಳು. "ಬರೆಯಬಹುದಾ?" ಅಂತ ಕೇಳಿದರು. ಪಕ್ಕದಲ್ಲೇ ನಿಂತಿದ್ದ ಫಾದರ್ "ಮೊದಲು ಅವನ ಹೆಸರೇ ಬರೀರಿ" ಅಂದರು. ಜಾಗ ಇರಲಿಲ್ಲ, ಹಾಳೆಯ ಮೇಲ್ತುದಿಯ ಅಂಚಿನಲ್ಲಿ ಬರೆದರು.

ಈಗ ಅಕ್ಕ ಬೆಳಗಿನ ಏಳರ ಪೂಜೆಗೆ ಬರುತ್ತಾರೆ. ಮಾಹಿಮ್ ಕೂಡ ಬಿಟ್ಟಿಲ್ಲ. ನನ್ನ ಹೆಂಡತಿಗೂ ಅದೇ ಅಭ್ಯಾಸವಾಗಿಬಿಟ್ಟಿದೆ. ಬುಧವಾರ ರಾತ್ರಿಯ ಅಡುಗೆ ನನ್ನದು.