ಬಲದ್‌ನ ಸಫಿಯಾ, ಊರಿನ ಹಂಚಿನ ಮನೆ

ಜೆಡ್ಡಾದಲ್ಲಿರುವ ನಮ್ಮವರಿಗೆ ಬಲದ್ ಅಂದರೆ ಬಂಗಾರದ ಅಂಗಡಿ, ಊರಿಗೆ ಒಯ್ಯುವ ಅತ್ತರು, ಕಂಬಳಿ, ಚೌಕಾಸಿ. ಅಂಗಡಿಗಳಿಂದ ಕಣ್ಣೆತ್ತಿ ಮೇಲೆ ನೋಡುವವರು ಕಡಿಮೆ. ಮೇಲೆ ಹವಳದ ಕಲ್ಲಿನ ಹಳೇ ಮನೆಗಳು, ಗೋಡೆಯಿಂದ ಹೊರಚಾಚಿದ ಮರದ ಕಿಟಕಿಗಳು. ಅವಕ್ಕೆ ರೋಶನ್ ಅಂತಾರೆ. ಒಳಗಿದ್ದವರಿಗೆ ಗಾಳಿ ಬರಬೇಕು, ಬೀದಿ ಕಾಣಬೇಕು, ಬೀದಿಯವರಿಗೆ ಮಾತ್ರ ಅವರು ಕಾಣಬಾರದು. ಅದಕ್ಕೆ ಈ ಏರ್ಪಾಡು. ಯುನೆಸ್ಕೊ ಈ ಹಳೇ ಪೇಟೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು 2014ರಲ್ಲಿ. ಅದಕ್ಕೂ ಎಷ್ಟೋ ವರ್ಷ ಮೊದಲೇ ಒಬ್ಬ ಹೆಣ್ಣುಮಗಳು ಇದನ್ನೆಲ್ಲ ಚಿತ್ರದಲ್ಲಿ ಹಿಡಿದಿಡಲು ಶುರು ಮಾಡಿದ್ದರು.

ಸಫಿಯಾ ಬಿನ್‌ಜಗರ್ ಹುಟ್ಟಿದ್ದು 1940ರಲ್ಲಿ, ಇದೇ ಬಲದ್‌ನಲ್ಲಿ. 1947ರಲ್ಲಿ ಮನೆಯವರ ಜೊತೆ ಕೈರೋಗೆ ಹೋದರು. ಜೆಡ್ಡಾ ಸುತ್ತಿನ ಹಳೇ ಕೋಟೆಗೋಡೆಯನ್ನು ಕೆಡವಿದ್ದೂ ಅದೇ ವರ್ಷ! ಓದು ಕೈರೋದಲ್ಲಿ, ಆಮೇಲೆ ಇಂಗ್ಲೆಂಡಿನಲ್ಲಿ. 1963ರಲ್ಲಿ ವಾಪಸ್ ಬಂದಾಗ ಬಿಟ್ಟುಹೋದ ಊರು ಹಾಗೇ ಉಳಿದಿರಲಿಲ್ಲ. ನಮ್ಮಲ್ಲಿ ಎರಡು ವರ್ಷಕ್ಕೊಮ್ಮೆ ರಜೆಗೆ ಹೋಗುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅವರು ಹಿರಿಯರನ್ನು ಕೇಳಿದರು, ಹಳೇ ಉಡುಪು ಕೂಡಿಟ್ಟರು, ಮದುವೆ, ಬೀದಿ, ಮನೆಯೊಳಗಿನ ಬದುಕು ಎಲ್ಲ ಬಿಡಿಸಿದರು. 1968ರಲ್ಲಿ ಮುನೀರಾ ಮೋಸ್ಲಿ ಎಂಬ ಕಲಾವಿದೆ ಜೊತೆ ಜೆಡ್ಡಾದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಪ್ರದರ್ಶನ ಇಟ್ಟರು. 2000ದಲ್ಲಿ ಇಲ್ಲೇ ತಮ್ಮದೇ ಮ್ಯೂಸಿಯಂ ತೆರೆದರು, ದಾರತ್ ಸಫಿಯಾ ಬಿನ್‌ಜಗರ್. ತೀರಿಕೊಂಡದ್ದು 2024ರ ಸೆಪ್ಟೆಂಬರ್‌ನಲ್ಲಿ.

ಅವರ ಹೆಸರಾದ ಚಿತ್ರ 1969ರ 'ಝಬೂನ್'. ಹಳದಿ ಉಡುಪಿನ ಹಿಜಾಜಿ ಹೆಂಗಸು; ಜನ ಅದನ್ನು ಹಿಜಾಜಿನ ಮೊನಾಲಿಸಾ ಅಂತಾರೆ. ನನಗೆ ಅದಕ್ಕಿಂತ ಹಿಡಿಸಿದ್ದು ಬೇರೆ ಬೇರೆ ಪ್ರಾಂತ್ಯದ ಉಡುಪುಗಳನ್ನು ಒಂದೊಂದಾಗಿ ಬಿಡಿಸಿದ ಚಿತ್ರಗಳು. ಲೆಕ್ಕ ಬರೆಯುವವನ ಕಣ್ಣಿಗೆ ಅದು ಒಳ್ಳೇ ಸ್ಟಾಕ್ ರಿಜಿಸ್ಟರ್. ಇದ್ದದ್ದು ಇದ್ದ ಹಾಗೆ, ಕಳೆದುಹೋಗುವ ಮೊದಲು ದಾಖಲು.

ಇಷ್ಟೆಲ್ಲ ತಲೆಯಲ್ಲಿ ಸುಳಿದಾಡಲು ಕಾರಣ ಇದೆ. ಊರಲ್ಲಿ ನಮ್ಮ ಹಂಚಿನ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟುವ ಮಾತು ನಡೆದಿದೆ. ದುಡ್ಡು ಹೋಗುವುದು ಇಲ್ಲಿಂದಲೇ. ಬೇಡ ಅನ್ನೋಕೆ ನನಗೆ ಬಾಯಿಲ್ಲ. ಮಳೆಗಾಲದಲ್ಲಿ ಸೋರುವ ಮಾಡಿನ ಕೆಳಗೆ ಮಲಗೋದು ನಾನಲ್ಲ, ತಮ್ಮನ ಹೆಂಡತಿ ಮಕ್ಕಳು. ಆದರೆ ಒಂದು ಕರಾರು ಹಾಕಿದೆ. "ಕೆಡವೋ ಮೊದಲು ಅಮ್ಮನ ಹತ್ರ ಕೂತು ಯಾವ ಕೋಣೇಲಿ ಏನೇನಿತ್ತು ಕೇಳಿ ಬರ್ಕೊ. ಮಗಳ ಕೈಲಿ ಒಂದೊಂದು ಕೋಣೆ ಬಿಡಿಸು."

"ಫೋಟೊ ಇದೆಯಲ್ಲ ಅಣ್ಣ."

"ಬಾಣಂತಿ ಕೋಣೆ ಯಾವುದು ಅಂತ ಫೋಟೊ ಹೇಳಲ್ಲ ಮಾರಾಯ."

ಕಳೆದ ಶುಕ್ರವಾರ ವಾಟ್ಸಾಪ್‌ನಲ್ಲಿ ಮೊದಲ ಹಾಳೆ ಬಂತು, ಅಡುಗೆಮನೆ. ಒಲೆ ಇದ್ದದ್ದು ಅಲ್ಲಲ್ಲ ಅಂತ ಅಮ್ಮ ಎರಡು ಸಲ ಅಳಿಸಿ ಬರೆಸಿದರಂತೆ.