ಗಿಟಾರಿನ ಜೊತೆಗೆ ಬಂದ ಶರೀಫಜ್ಜ

ತತ್ತ್ವಪದವನ್ನು ಗಿಟಾರಿನೊಂದಿಗೆ ಹಾಡಬಹುದೇ? ನಮ್ಮ ಬಂಧುಬಳಗ ಒಂದೆಡೆ ಸೇರಿದಾಗಲೆಲ್ಲ ಈ ಚರ್ಚೆ ಏಳುವುದುಂಟು. ಅದಕ್ಕೆ ಕಾರಣ, ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು 2008ರಲ್ಲಿ ತಮ್ಮದೇ ಹೆಸರಿನಲ್ಲಿ ಹೊರತಂದ ಧ್ವನಿಮುದ್ರಿಕೆ. ಸೂಕ್ಷ್ಮಜೀವಿಶಾಸ್ತ್ರದ ಸ್ನಾತಕೋತ್ತರ ಪದವೀಧರರೂ ಭರತನಾಟ್ಯ ಕಲಿತವರೂ ಆದ ಅವರು, ಸಿನಿಮಾದ ಆಸರೆಯಿಲ್ಲದೆ ತಮ್ಮ ಹಾಡುಗಳನ್ನು ಕಟ್ಟಿದರು. ಕಂಪನಿಗಳು ಹಲವು ವರ್ಷ ಅವನ್ನು ಒಲ್ಲೆನೆಂದುವು. ಕೊನೆಗೆ ಹಿಂದಿ ಚಿತ್ರರಂಗದ ವಿಶಾಲ್-ಶೇಖರ್ ಜೋಡಿ ಅದನ್ನು ಬಿಡುಗಡೆ ಮಾಡಿತು.

ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಅದರಲ್ಲಿ ಶಿಶುನಾಳ ಶರೀಫರ ‘ಗುಡುಗುಡಿಯ ಸೇದಿ ನೋಡೊ’, ‘ಸೋರುತಿಹುದು ಮನೆಯ ಮಾಳಿಗೆ’ ಇವೆ. ಲುಂಗಿಯುಟ್ಟು ಕಾಲಿಗೆ ಗೆಜ್ಜೆ ಕಟ್ಟಿದ ಈ ಗಾಯಕರನ್ನು ಇಂಗ್ಲೆಂಡು ಮೆಚ್ಚಿತು. 2010ರಲ್ಲಿ ಬಿ.ಬಿ.ಸಿ.ಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಅವರು ಹಾಡಿದರು. 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆ ಅವರಿಗೆ ಶ್ರೇಷ್ಠ ಹೊಸ ಪ್ರತಿಭೆಯ ಪ್ರಶಸ್ತಿ ನೀಡಿತು.

ನಮ್ಮ ಹಿರಿಯರ ತೀರ್ಪು ಬೇರೆಯೇ ಆಗಿತ್ತು: ‘ಗದ್ದಲದಲ್ಲಿ ಶರೀಫಜ್ಜ ಮುಳುಗಿದ.’ ಹೀಗೆನ್ನುವವರ ಕಿವಿಯಲ್ಲಿರುವುದು ಸಿ. ಅಶ್ವತ್ಥರ ಕಂಠ. 1990ರಲ್ಲಿ ಬಂದ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರದ ಸಂಗೀತ ಅವರದೇ. ಆದರೆ 1819ರಿಂದ 1889ರವರೆಗೆ ಬಾಳಿದ ಶರೀಫರು ಹಾರ್ಮೋನಿಯಂ, ತಬಲಗಳ ಸುಗಮ ಸಂಗೀತವನ್ನು ಕೇಳಿದವರಲ್ಲ. ಏಕತಾರಿಯಿಂದ ಸುಗಮ ಸಂಗೀತಕ್ಕೆ ಪದ ಬಂದದ್ದು ಪರಂಪರೆಯೆಂದಾದರೆ, ಅಲ್ಲಿಂದ ಗಿಟಾರಿಗೆ ಹೋದದ್ದು ಮಾತ್ರ ಅಪಚಾರವೇ? ಬಾಯಿಂದ ಬಾಯಿಗೆ ಬಂದ ಪದ ಆಯಾ ಕಾಲದ ವಾದ್ಯವನ್ನು ಹಿಡಿದೇ ಉಳಿದಿದೆ.

ಹೊಗಳಿದವರೂ ತೆಗಳಿದವರೂ ಹೆಚ್ಚಾಗಿ ಮಾತನಾಡಿದ್ದು ನಾದವನ್ನು ಕುರಿತು. ನನಗಿರುವ ಆತಂಕ ಅರ್ಥದ್ದು. ಈ ಪದವನ್ನು ಪಾಠ ಮಾಡುವಾಗ ನಮ್ಮ ಕೊಡಗಿನ ಮಕ್ಕಳಿಗೆ ‘ಮಾಳಿಗೆ’ ಎಂದರೆ ಮಹಡಿ. ಬಯಲುಸೀಮೆಯ ಮಾಳಿಗೆ ಎಂದರೆ ತೊಲೆ, ಜಂತೆಗಳ ಮೇಲೆ ಮಣ್ಣು ಹಾಸಿದ ಚಪ್ಪಟೆ ಮಾಡು. ಬೇಸಗೆಯಲ್ಲಿ ಬಿರುಕು ಮುಚ್ಚದಿದ್ದರೆ ಮಳೆಗೆ ಸೋರುತ್ತದೆ ಎಂದು ವಿವರಿಸಬೇಕಾಗುತ್ತಿತ್ತು. ‘ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸುವ ಹಾಗೆಯೇ?’ ಎಂದು ಒಬ್ಬ ಹುಡುಗ ಕೇಳಿದ್ದ. ಅಲ್ಲಿಗೆ ಪಾಠ ಮುಗಿದಂತೆಯೇ. ಸೋರುವ ಮನೆ ಯಾವುದು, ಅದರೊಳಗಿನ ಕತ್ತಲೆ ಎಂಥದು ಎಂದು ಮುಂದೆ ಹೇಳುವುದು ಸುಲಭವಾಯಿತು. ಲಂಡನ್ನಿನ ಶ್ರೋತೃಗಳಿಗೆ ಆ ಮನೆ ಕಾಣದಿದ್ದರೆ ದೂರುವಂತಿಲ್ಲ. ಕನ್ನಡದ ಮಕ್ಕಳಿಗೂ ಕಾಣದೆ ಹೋದರೆ ಅದು ಗಾಯಕನ ತಪ್ಪಲ್ಲ. ಮನೆಯಲ್ಲೂ ಶಾಲೆಯಲ್ಲೂ ಹೇಳಿಕೊಡಬೇಕಾದ ನಾವು ಸುಮ್ಮನಿದ್ದುದರ ಫಲ.

ಇದು ನಮ್ಮ ನೆಲಕ್ಕೂ ಸಲ್ಲುವ ಮಾತು. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಪ್ರಕಟಿಸದಿದ್ದರೆ, ದುಡಿ ಬಡಿಯುತ್ತ ನಾಲ್ವರು ಹಾಡುವ ಕೊಡವ ಹಾಡುಗಳಲ್ಲಿ ಎಷ್ಟೋ ಮರೆತುಹೋಗುತ್ತಿದ್ದುವು. ಪುಸ್ತಕ ಪದಗಳನ್ನು ಉಳಿಸಿತು; ದನಿ ಉಳಿಯಬೇಕಾದರೆ ಹಾಡುವ ಬಾಯಿ ಬೇಕು. ನಾಳೆ ನಮ್ಮ ಹುಡುಗನೊಬ್ಬ ದುಡಿಯ ಪಕ್ಕದಲ್ಲಿ ಗಿಟಾರು ಹಿಡಿದು ನಿಂತರೆ ನಾನಂತೂ ಮುಂದಿನ ಸಾಲಿನಲ್ಲಿ ಕುಳಿತು ಕೇಳುವೆ. ಹಾಡು ಮುಗಿದ ಮೇಲೆ ಮಾತ್ರ, ಮೇಷ್ಟರ ಹಳೆಯ ಚಾಳಿ, ‘ಈ ಶಬ್ದದ ಅರ್ಥವೇನಪ್ಪ?’ ಎಂದು ಕೇಳದೆ ಬಿಡಲಾರೆ.

ಶಿಷ್ಯಮಿತ್ರರೇ, ದೂರದೂರುಗಳಲ್ಲಿರುವ ನಿಮ್ಮ ಮಕ್ಕಳು ಈ ಹಾಡುಗಳನ್ನು ಕೇಳಿ ಕುಣಿಯುತ್ತಿದ್ದರೆ ತಡೆಯಬೇಡಿ. ಕುಣಿದು ದಣಿದು ಕುಳಿತಾಗ, ಮಾಳಿಗೆ ಎಂದರೇನೆಂದು ಹೇಳಿ.