ಮಣಿಯದ ಡಬ್ಬಿ

ಗೋವೆಯ ಗಡಿಗೆ ಹೊಂದಿಕೊಂಡಿರುವ ಅನಮೋಡದಲ್ಲಿ ಬೇಸಗೆಯೆಂದರೆ ಮುರುಗಲು ಹಣ್ಣಾಗುವ ಕಾಲ. 1986ರಲ್ಲಿ ಅಲ್ಲಿ ಉಪಾಧ್ಯಾಯನಾಗಿದ್ದ ನಾನು ಉಪ್ಪು ಬೆರೆಸಿದ ಮುರುಗಲಿನ ರಸವನ್ನು ತಗಡಿನ ಡಬ್ಬಿಯಲ್ಲಿ ತುಂಬಿಟ್ಟಿದ್ದೆ. ಮಳೆಗಾಲ ಮುಗಿಯುವಷ್ಟರಲ್ಲಿ ಡಬ್ಬಿಯ ತಳ ತೂತಾಗಿ ರಸವೆಲ್ಲ ನೆಲದ ಪಾಲಾಯಿತು.

"ಮಾಸ್ತರೇ, ಹುಳಿಯನ್ನು ತಗಡಿನಲ್ಲಿ ಇಡುವುದುಂಟೇ? ಭರಣಿಯಲ್ಲಿ ಇಡಬೇಕಿತ್ತು" ಎಂದು ಮನೆಯೊಡತಿ ನಕ್ಕರು.

ಇಂದು ಅದೇ ರಸವು ಪ್ಲಾಸ್ಟಿಕ್ ಕ್ಯಾನಿನಲ್ಲಿ ಸುರಕ್ಷಿತವಾಗಿರುತ್ತದೆ. ಇದಕ್ಕೆ ಕಾರಣವೇನು? ಕಬ್ಬಿಣದ ಪರಮಾಣುಗಳು ಎಲೆಕ್ಟ್ರಾನುಗಳನ್ನು ಸುಲಭವಾಗಿ ಬಿಟ್ಟುಕೊಡುತ್ತವೆ. ಆಮ್ಲದಲ್ಲಿರುವ ಹೈಡ್ರೊಜನ್ ಅಯಾನುಗಳು ಅವನ್ನು ಕಸಿದುಕೊಳ್ಳುತ್ತವೆ, ಲೋಹ ಕರಗಿಹೋಗುತ್ತದೆ. 1933ರಲ್ಲಿ ಇಂಗ್ಲೆಂಡಿನಲ್ಲಿ ದೊರೆತ ಪಾಲಿಥೀನಿನ ರಚನೆಯೇ ಬೇರೆ. ಸಾವಿರಾರು ಕಾರ್ಬನ್ ಪರಮಾಣುಗಳು ಸರಪಳಿಯಂತೆ ಬಿಗಿಯಾಗಿ ಬೆಸೆದುಕೊಂಡಿವೆ. ಅವುಗಳ ಇಕ್ಕೆಲಗಳಲ್ಲಿ ಹೈಡ್ರೊಜನ್ ಪರಮಾಣುಗಳಿವೆ. ಕಸಿದುಕೊಳ್ಳಲು ಸಡಿಲವಾದ ಎಲೆಕ್ಟ್ರಾನುಗಳೇ ಇಲ್ಲ. ಆದುದರಿಂದ ಹೈಡ್ರೊಕ್ಲೋರಿಕ್ ಆಮ್ಲವನ್ನೂ ಅದರಲ್ಲಿ ತುಂಬಿಡಬಹುದು. 1938ರಲ್ಲಿ ಅಮೆರಿಕದ ಪ್ಲಂಕೆಟ್ ಕಂಡುಹಿಡಿದ ಟೆಫ್ಲಾನಿನಲ್ಲಿ ಫ್ಲೂರಿನ್ ಪರಮಾಣುಗಳು ಈ ಸರಪಳಿಗೆ ಕವಚ ತೊಡಿಸಿದಂತಿವೆ. ಅದು ಇನ್ನೂ ಗಟ್ಟಿ. ಆದರೆ ಎಲ್ಲ ಪ್ಲಾಸ್ಟಿಕ್ಕುಗಳೂ ಹೀಗಲ್ಲ. ನೈಲಾನಿನ ಸರಪಳಿಯ ಕೊಂಡಿಗಳನ್ನು ಪ್ರಬಲ ಆಮ್ಲವು ಕತ್ತರಿಸಬಲ್ಲದು.

ಈಚೆಗೆ ಅನಮೋಡಕ್ಕೆ ಹೋಗಿದ್ದೆ. ಘಟ್ಟದ ರಸ್ತೆಯ ಬದಿಯಲ್ಲಿ, ತರಗೆಲೆಗಳ ನಡುವೆ, ಯಾರೋ ಎಸೆದ ಒಡಕು ಕ್ಯಾನೊಂದು ಬಿದ್ದಿತ್ತು. ಅಂದು ನಾನು ಹಿತ್ತಿಲಲ್ಲಿ ಎಸೆದಿದ್ದ ತಗಡಿನ ಡಬ್ಬಿ ಎಂದೋ ತುಕ್ಕಾಗಿ ಮಣ್ಣಿನಲ್ಲಿ ಬೆರೆತಿರಬೇಕು. ಈ ಕ್ಯಾನು ಹಾಗೆ ಬೆರೆಯದು. ಆಮ್ಲಕ್ಕೆ ಮಣಿಯದ ಆ ಸರಪಳಿ ಮಣ್ಣಿನ ಸೂಕ್ಷ್ಮಜೀವಿಗಳಿಗೂ ಸುಲಭವಾಗಿ ಮಣಿಯುವುದಿಲ್ಲ. ನಾನು ಅದನ್ನು ಎತ್ತಿಕೊಂಡು ಚೀಲಕ್ಕೆ ಹಾಕಿಕೊಂಡೆ.